ಬೆಲ್‌ಫಾಸ್ಟ್‌ನ ಸಿರೊಕ್ಕೊ: ಚಹಾ ಎಲೆಯಿಂದ ಆಸ್ಪತ್ರೆಯ ವಾರ್ಡಿನವರೆಗೆ

ಎಸಿ ಕೆಲಸದಲ್ಲಿ ಇರುವವರಿಗೆ ಈ ನೋಟ ಹೊಸದಲ್ಲ. ಎಎಚ್‌ಯು ಕೋಣೆಯ, ಅಂದರೆ ಕಟ್ಟಡಕ್ಕೆ ತಣ್ಣನೆ ಗಾಳಿ ಕಳಿಸುವ ಯಂತ್ರದ ಕೋಣೆಯ, ಬಾಗಿಲು ತೆಗೆದರೆ ಎದುರಿಗೆ ದೊಡ್ಡ ತಗಡಿನ ಪೆಟ್ಟಿಗೆ. ಅದರೊಳಗೆ ಗುಂಯ್ ಅನ್ನುವ ಬ್ಲೋವರ್, ಪಕ್ಕದಲ್ಲಿ ನೀರು ತಣ್ಣಗೆ ಮಾಡುವ ಚಿಲ್ಲರ್ ಯಂತ್ರದಿಂದ ಬರುವ, ಬೆವರುವ ಪೈಪು, ಕೆಳಗೆ ಡ್ರೈನ್ ಟ್ರೇಯಿಂದ ತೊಟ್ಟಿಕ್ಕುವ ನೀರು. ಗೋಡೆಯಲ್ಲಿ ಒಂದು ಚೌಕದ ಕಿಂಡಿ ಇರುತ್ತದೆ, ಅದಕ್ಕೆ ತೆರೆದು ಮುಚ್ಚುವ ಪಟ್ಟಿಪಟ್ಟಿಯ ಡ್ಯಾಂಪರ್. ಹೊರಗಿನ ಹೊಸ ಗಾಳಿ ಒಳಗೆ ಬರುವ ದಾರಿ ಅದೊಂದೇ. ಹೋದ ಬೇಸಿಗೆಯಲ್ಲಿ ನಾನು ಕೆಲಸಕ್ಕೆ ಹೋಗಿದ್ದ ಒಂದು ಆಸ್ಪತ್ರೆಯಲ್ಲಿ ಆ ಡ್ಯಾಂಪರನ್ನು ಪೂರ್ತಿ ಮುಚ್ಚಿ, ಹಿಡಿಯನ್ನು ಬೈಂಡಿಂಗ್ ವೈರಿನಿಂದ ಬಿಗಿದಿದ್ದರು. ವೈರು ತುಕ್ಕು ಹಿಡಿದಿತ್ತು. ಕಟ್ಟಿ ಬಹಳ ಕಾಲವಾಗಿತ್ತು ಅಂತ ಅದನ್ನು ನೋಡಿದರೇ ಗೊತ್ತಾಗುತ್ತಿತ್ತು. ಅಲ್ಲಿನ ಮೆಕ್ಯಾನಿಕ್ ಹುಡುಗನನ್ನು ಕೇಳಿದೆ. "ಹೊರಗಿನ ಬಿಸಿ ಗಾಳಿ ಬಂದ್ರೆ ಚಿಲ್ಲರ್ ಮೇಲೆ ಲೋಡ್ ಜಾಸ್ತಿ ಸರ್, ಕರೆಂಟ್ ಬಿಲ್ ಏರುತ್ತೆ. ಮೇಲಿನವರೇ ಮುಚ್ಚಿಸಿದ್ದಾರೆ" ಅಂದ.

ಅವನು ಹೇಳಿದ ಲೆಕ್ಕ ಸರಿಯೇ ಇದೆ. ಏಪ್ರಿಲ್‌ನಲ್ಲಿ ಹೊರಗಿನ 40 ಡಿಗ್ರಿ ಗಾಳಿಯನ್ನು 24ಕ್ಕೆ ಇಳಿಸುವುದಕ್ಕಿಂತ ಒಳಗೆ ಆಗಲೇ ತಣ್ಣಗಿರುವ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸುವುದು ಅಗ್ಗ. ಆದರೆ ಮೇಲಿನ ಮಹಡಿಯ ವಾರ್ಡಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಹಾಸಿಗೆ, ಪ್ರತಿ ಹಾಸಿಗೆಯ ಪಕ್ಕ ಒಬ್ಬರೋ ಇಬ್ಬರೋ ನೆಂಟರು, ಎಲ್ಲ ಕಿಟಕಿಗೂ ಗಾಜು ಜಡಿದು ಸೀಲ್ ಮಾಡಿದ್ದಾರೆ. ಅಷ್ಟೂ ಜನ ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆದುಕೊಳ್ಳುತ್ತಾ ಕೂತಿದ್ದರು. ನನ್ನ ಬ್ಯಾಗಿನಲ್ಲಿ ಕಾರ್ಬನ್ ಡೈಆಕ್ಸೈಡ್ ಮೀಟರ್ ಸದಾ ಇರುತ್ತದೆ. ಹೊರಗಿನ ಗಾಳಿಯಲ್ಲಿ ಈಗ 420 ಪಿಪಿಎಂಗೂ ಸ್ವಲ್ಪ ಹೆಚ್ಚು, ಅಂದರೆ ಹತ್ತು ಲಕ್ಷ ಭಾಗದಲ್ಲಿ ಅಷ್ಟು ಭಾಗ, ಇದೆ. ಒಳಗೆ 1000 ದಾಟಿದರೆ ಗಾಳಿ ಸರಿಯಾಗಿ ಬದಲಾಗುತ್ತಿಲ್ಲ ಅಂತ ನಮ್ಮ ಕೆಲಸದಲ್ಲಿ ಲೆಕ್ಕ. ಆ ವಾರ್ಡು ಅದನ್ನು ಎಂದೋ ದಾಟಿತ್ತು. ಯಾರನ್ನು ಕೇಳಿದರೂ ಬಂದ ಉತ್ತರ ಒಂದೇ: "ತಂಪಾಗಿದೆ ಅಲ್ವಾ?"

ತಂಪಾಗಿತ್ತು, ನಿಜ. ಆದರೆ ನನಗೆ ಆವತ್ತಿನಿಂದ ತಲೆಯಲ್ಲಿ ಕೊರೆಯುತ್ತಿರುವುದು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನ ಒಂದು ಕಂಪನಿ. ಹೆಸರು ಡೇವಿಡ್‌ಸನ್ ಅಂಡ್ ಕಂಪನಿ, ಅವರ ಕಾರ್ಖಾನೆಯ ಹೆಸರು ಸಿರೊಕ್ಕೊ ವರ್ಕ್ಸ್. 120 ವರ್ಷಕ್ಕೂ ಹಿಂದೆ ಆಸ್ಪತ್ರೆಯ ವಾರ್ಡಿಗೆ ಗಾಳಿ ಕೊಡುವ ಇದೇ ಸಮಸ್ಯೆಯನ್ನು ಅವರ ಫ್ಯಾನ್ ಇಟ್ಟುಕೊಂಡು ಬಗೆಹರಿಸಿದ ರೀತಿ ನಾವು ಈಗ ಮಾಡುತ್ತಿರುವುದಕ್ಕೆ ಪೂರ್ತಿ ಉಲ್ಟಾ. ಅವರ ಬಳಿ ತಂಪು ಮಾಡುವ ಕಂಪ್ರೆಸರ್ ಇರಲಿಲ್ಲ. ಇದ್ದದ್ದು ಗಾಳಿಯ ಬಗ್ಗೆ ತಿಳಿವಳಿಕೆ. ಆ ತಿಳಿವಳಿಕೆ ಅವರಿಗೆ ಬಂದದ್ದು ನಮ್ಮ ದೇಶದ ಚಹಾ ತೋಟದಿಂದ.

ಕಾಚಾರಿಗೆ ಬಂದ ಹುಡುಗ

ಸ್ಯಾಮ್ಯುಯೆಲ್ ಕ್ಲೆಲ್ಯಾಂಡ್ ಡೇವಿಡ್‌ಸನ್ ಹುಟ್ಟಿದ್ದು 1846ರಲ್ಲಿ. ಬೆಲ್‌ಫಾಸ್ಟ್‌ನಲ್ಲಿ ಸ್ವಲ್ಪ ಕಾಲ ಸಿವಿಲ್ ಎಂಜಿನಿಯರ್ ಒಬ್ಬರ ಕೈಕೆಳಗೆ ಕೆಲಸ ಕಲಿತ. ಅವನ ತಂದೆ ಅಸ್ಸಾಮಿನ ಕಾಚಾರಿನ ಚಹಾ ತೋಟವೊಂದರಲ್ಲಿ ಪಾಲು ಕೊಂಡಿದ್ದರು. 1864ರಲ್ಲಿ, ಇನ್ನೂ 17ರ ಹರೆಯದಲ್ಲಿ, ಹುಡುಗ ಹಡಗು ಹತ್ತಿ ಅಲ್ಲಿಗೆ ಬಂದ. ಕೆಲವೇ ವರ್ಷಗಳಲ್ಲಿ ತೋಟ ನಡೆಸುವವನೂ ಆಮೇಲೆ ಅದರ ಮಾಲೀಕನೂ ಆದ.

ಆಗ ಚಹಾ ಮಾಡುತ್ತಿದ್ದ ರೀತಿ ಹೀಗೆ. ಕೊಯ್ದ ಎಲೆಯನ್ನು ಬಾಡಿಸಬೇಕು, ಕೈಯಲ್ಲೇ ಉಜ್ಜಿ ಸುರುಳಿ ಮಾಡಬೇಕು, ರಾಶಿ ಹಾಕಿ ಬಣ್ಣ ತಿರುಗಲು ಬಿಡಬೇಕು, ಕೊನೆಗೆ ಇದ್ದಿಲು ಕೆಂಡದ ಮೇಲೆ ಬುಟ್ಟಿ ಇಟ್ಟು ಒಣಗಿಸಬೇಕು. ಕಷ್ಟ ಇರುವುದೆಲ್ಲ ಈ ಕೊನೆಯ ಹಂತದಲ್ಲಿ. ಒಣಗುವುದು ತಡವಾದರೆ ಎಲೆ ಹುಳಿಯುತ್ತದೆ, ಬೆಂಕಿ ಜಾಸ್ತಿಯಾದರೆ ಸೀಯುತ್ತದೆ, ಹೊಗೆ ಹಿಡಿದರೆ ಇಡೀ ಲಾಟಿನ ಬೆಲೆ ಬಿದ್ದುಹೋಗುತ್ತದೆ. ಅದಕ್ಕೆ ಬೇಕಾದ ಇದ್ದಿಲಿಗೆ ಸುತ್ತಲಿನ ಕಾಡನ್ನೇ ಕಡಿಯಬೇಕಿತ್ತು. ಆ ಕೆಂಡದ ಮುಂದೆ ದಿನವಿಡೀ ನಿಂತು ಬುಟ್ಟಿ ತಿರುಗಿಸುತ್ತಿದ್ದವರು ತೋಟದ ಕೂಲಿಗಳು. ಛೋಟಾ ನಾಗಪುರದಂಥ ದೂರದ ಕಡೆಗಳಿಂದ ಕರಾರಿನ ಮೇಲೆ ಕರೆತಂದ ಜನ ಅವರು. ಕರಾರು ಮುರಿದು ಹೊರಟರೆ ಹಿಡಿದು ಶಿಕ್ಷೆ ಕೊಡುವ ಕಾನೂನಿತ್ತು. ಡೇವಿಡ್‌ಸನ್ ತಲೆ ಕೆಡಿಸಿಕೊಂಡದ್ದು ಎಲೆಯ ಬಗ್ಗೆ. ಕೂಲಿಗಳ ಉಸಿರಿನ ಬಗ್ಗೆ ಯೋಚಿಸಿದ ಅಂತ ಹೇಳಲು ನನ್ನ ಹತ್ತಿರ ಆಧಾರ ಇಲ್ಲ. ಈ ಕಂಪನಿಯ ಕಥೆಯನ್ನು ನಾನು ಇಷ್ಟಪಟ್ಟು ಹೇಳುತ್ತಿದ್ದೇನೆ, ಹಾಗಂತ ಇದನ್ನು ಬಿಟ್ಟು ಹೇಳಲು ಮನಸ್ಸು ಬರುವುದಿಲ್ಲ.

ಅವನು ಕಂಡುಕೊಂಡ ದಾರಿ ಈಗ ಕೇಳಿದರೆ ಸರಳ ಅನ್ನಿಸುತ್ತದೆ. ಬೆಂಕಿಯನ್ನೂ ಎಲೆಯನ್ನೂ ಬೇರೆ ಮಾಡಿದ. ಒಲೆಯ ಹೊಗೆ ಒಂದು ದಾರಿಯಲ್ಲಿ ಹೊರಗೆ ಹೋಗಬೇಕು. ಒಲೆಯ ಕಬ್ಬಿಣದ ಮೈಗೆ ತಾಗಿ ಬಿಸಿಯಾದ ಶುದ್ಧ ಗಾಳಿ ಇನ್ನೊಂದು ದಾರಿಯಲ್ಲಿ ಎಲೆಯ ತಟ್ಟೆಗಳ ಮೂಲಕ ಹಾದುಹೋಗಬೇಕು. ಎರಡೂ ಎಲ್ಲಿಯೂ ಸೇರಬಾರದು. 1870ರ ದಶಕದಲ್ಲಿ ಅವನು ಊರಿಗೆ ಮರಳಿ ಈ ಯಂತ್ರದ ಪೇಟೆಂಟ್ ಪಡೆದ. ಸಹಾರಾ ಕಡೆಯಿಂದ ಬೀಸುವ ಬಿಸಿ ಗಾಳಿಯ ಹೆಸರು ಸಿರೊಕ್ಕೊ, ಅದನ್ನೇ ಯಂತ್ರಕ್ಕೆ ಇಟ್ಟ. ಮೊದಮೊದಲು ಬೇರೆಯವರ ಕಾರ್ಖಾನೆಯಲ್ಲಿ ಮಾಡಿಸಿ, 1881ರಲ್ಲಿ ಬೆಲ್‌ಫಾಸ್ಟ್‌ನ ಪೂರ್ವ ಭಾಗದಲ್ಲಿ, ಲಗಾನ್ ನದಿಯ ದಂಡೆಯಲ್ಲಿ, ಬೆರಳೆಣಿಕೆಯ ಕೆಲಸಗಾರರನ್ನು ಇಟ್ಟುಕೊಂಡು ಸ್ವಂತ ಕಾರ್ಖಾನೆ ಶುರು ಮಾಡಿದ. ಅಲ್ಲಿಂದ ಡ್ರೈಯರ್‌ಗಳು ಅಸ್ಸಾಮಿಗೆ, ಸಿಲೋನಿಗೆ, ದಕ್ಷಿಣದ ಬೆಟ್ಟಗಳಿಗೆ ಹೋದವು.

ದಕ್ಷಿಣದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಕೂನೂರಿನ ಹತ್ತಿರ ಒಂದು ಸಣ್ಣ ಚಹಾ ಫ್ಯಾಕ್ಟರಿ. ಮಾಲೀಕರು ಬಡಗರು. ಅವರ ಮಾತಿಗೂ ನಮ್ಮ ಕನ್ನಡಕ್ಕೂ ಹತ್ತಿರದ ನೆಂಟಸ್ತಿಕೆ ಇರುವುದರಿಂದ ಅರ್ಧ ಅವರದು ಅರ್ಧ ನಮ್ಮದು ಅಂತ ಮಾತು ಸಲೀಸಾಗಿ ನಡೆಯಿತು. ಕೆಲಸ ನಡೆಯುವ ಜಾಗದಲ್ಲಿ ಈಗಿನ ಫ್ಲೂಯಿಡ್ ಬೆಡ್ ಡ್ರೈಯರ್ ಇತ್ತು. ಹಿಂದಿನ ಶೆಡ್ಡಿನಲ್ಲಿ, ಹರಿದ ಗೋಣಿಚೀಲಗಳ ಮರೆಯಲ್ಲಿ, ಎರಕದ ಕಬ್ಬಿಣದ ಒಂದು ಹಳೆಯ ಡ್ರೈಯರ್ ನಿಂತಿತ್ತು. ಬಾಗಿಲಿನ ಮೇಲೆ ಅಕ್ಷರಗಳು ಉಬ್ಬಿ ನಿಂತಿದ್ದವು: ಡೇವಿಡ್‌ಸನ್, ಸಿರೊಕ್ಕೊ, ಬೆಲ್‌ಫಾಸ್ಟ್. ಬಾಗಿಲನ್ನು ಎಳೆದೆ, ಬಂತು. ಕೀಲು ಇನ್ನೂ ಸಡಿಲವಾಗಿರಲಿಲ್ಲ. ಒಳಗೆ ತೂತು ತಗಡಿನ ತಟ್ಟೆಗಳು ಒಂದರ ಮೇಲೊಂದು. ಕೈ ಒಳಗೆ ಹಾಕಿ ತಟ್ಟೆಯ ಮೂಲೆ ಸವರಿದರೆ ಬೆರಳಿಗೆ ಕಪ್ಪು ಪುಡಿ ಅಂಟಿತು. ಅದರಲ್ಲಿ ಚಹಾದ ವಾಸನೆ ಇತ್ತು, ಹೊಗೆಯ ವಾಸನೆ ಇರಲಿಲ್ಲ. ಮಾಲೀಕರು ವಿವರಿಸಿದರು. ಬಣ್ಣ ತಿರುಗಿದ ಎಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ, ಅದನ್ನು ಸುಮಾರು 3 ಶೇಕಡಾಕ್ಕೆ ಇಳಿಸಬೇಕು, ಗಾಳಿ 100 ಡಿಗ್ರಿಯ ಆಸುಪಾಸು ಇರಬೇಕು. ಆಮೇಲೆ ಅವರು ಹೇಳಿದ ಮಾತನ್ನು ನಾನು ಹಾಗೇ ಬರೆದಿಟ್ಟುಕೊಂಡೆ: "ಬಿಸಿ ಎಷ್ಟು ಅನ್ನೋದು ಆಮೇಲೆ. ಗಾಳಿ ನಿಂತರೆ ಚಹಾ ಹೋಯ್ತು."

ಬಿಸಿ ಇದ್ದರೂ ಗಾಳಿ ಓಡದಿದ್ದರೆ ಎಲೆಯಿಂದ ಎದ್ದ ಆವಿ ಅಲ್ಲೇ ಕೂರುತ್ತದೆ, ಎಲೆ ಬೆಂದುಹೋಗುತ್ತದೆ. ಡೇವಿಡ್‌ಸನ್‌ಗೂ ಇದೇ ತೊಡಕು ಎದುರಾಯಿತು. ಮೊದಲ ಡ್ರೈಯರ್‌ಗಳಲ್ಲಿ ಬಿಸಿ ಗಾಳಿ ತಾನಾಗಿ ಮೇಲೇರುತ್ತಿತ್ತು. ತಟ್ಟೆ ಹೆಚ್ಚಿಸಿದಂತೆ, ಎಲೆಯ ಪದರ ದಪ್ಪ ಮಾಡಿದಂತೆ, ಗಾಳಿಯನ್ನು ತಳ್ಳಲು ಫ್ಯಾನ್ ಬೇಕೇ ಬೇಕಾಯಿತು. ಆಗಿನ ಫ್ಯಾನ್‌ಗಳು ಅವನಿಗೆ ಸಾಲಲಿಲ್ಲ.

ಒಂದು ಡ್ರಮ್ಮಿನ ಸುತ್ತ

ಆಗಿನ ಸೆಂಟ್ರಿಫ್ಯೂಗಲ್ ಫ್ಯಾನ್ ಅಂದರೆ ಒಂದು ಅಚ್ಚಿಗೆ ಜೋಡಿಸಿದ ಕೆಲವೇ ಉದ್ದನೆಯ ಹಲಗೆಗಳು. ನಡುವಿನಿಂದ ಗಾಳಿ ಎಳೆದುಕೊಂಡು ಅಂಚಿಗೆ ಎಸೆಯಬೇಕು. ರೆಕ್ಕೆ ಉದ್ದವಾದಷ್ಟೂ ಒಳಬಾಯಿ ಕಿರಿದಾಗುತ್ತದೆ, ಗಾಳಿ ನುಗ್ಗಲು ಜಾಗ ಸಾಲುವುದಿಲ್ಲ. ಹಾಗಾಗಿ ಹೆಚ್ಚು ಗಾಳಿ ಬೇಕೆಂದರೆ ಫ್ಯಾನನ್ನೇ ದೈತ್ಯ ಗಾತ್ರಕ್ಕೆ ಬೆಳೆಸಬೇಕಿತ್ತು. ಡೇವಿಡ್‌ಸನ್ ಬಹಳ ವರ್ಷ ಬಗೆಬಗೆಯ ಚಕ್ರ ಮಾಡಿ ನೋಡಿ, 1898ರಲ್ಲಿ ತನ್ನ ಫ್ಯಾನಿಗೆ ಪೇಟೆಂಟ್ ಪಡೆದ. ಅದು ಡ್ರಮ್ಮಿನ ಆಕಾರದ ಚಕ್ರ. ರೆಕ್ಕೆಗಳು ಕಿರಿದು, ಆದರೆ ತುಂಬಾ. ಎಲ್ಲವೂ ಅಂಚಿನಲ್ಲೇ, ಸುತ್ತಲೂ ಒತ್ತೊತ್ತಾಗಿ, ಚಕ್ರ ತಿರುಗುವ ದಿಕ್ಕಿಗೇ ಮುಂದಕ್ಕೆ ಬಾಗಿದವು. ನಡುವೆ ಪೂರ್ತಿ ಖಾಲಿ, ಆದ್ದರಿಂದ ಒಳಬಾಯಿ ಎಷ್ಟು ಬೇಕೋ ಅಷ್ಟು ದೊಡ್ಡದು. ಮುಂದಕ್ಕೆ ಬಾಗಿದ ರೆಕ್ಕೆಯಿಂದ ಹೊರಬೀಳುವ ಗಾಳಿ ಚಕ್ರದ ಅಂಚಿಗಿಂತಲೂ ವೇಗವಾಗಿ ಹೋಗುತ್ತದೆ. ಹಾಗಾಗಿ ಸಣ್ಣ ಚಕ್ರ ನಿಧಾನವಾಗಿ ತಿರುಗಿದರೂ ಬಹಳ ಗಾಳಿ ಕೊಡುತ್ತದೆ, ಸದ್ದೂ ಕಡಿಮೆ.

ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲೂ ಇದು ಇರಬಹುದು. ಅಡುಗೆಮನೆಯ ಚಿಮ್ನಿ ಬಿಚ್ಚಿ ನೋಡಿ, ಹಳೆಯ ವಿಂಡೋ ಎಸಿಯ ಒಳಭಾಗ ನೋಡಿ, ಕಾರಿನ ಎಸಿ ಬ್ಲೋವರ್ ನೋಡಿ. ಕಾರಿನಲ್ಲಿ ಪ್ಲಾಸ್ಟಿಕ್, ಚಿಮ್ನಿಯಲ್ಲಿ ತಗಡು, ಅಷ್ಟೇ ವ್ಯತ್ಯಾಸ. ಜಪಾನಿನಲ್ಲಿ ಈ ಬಗೆಯ ಫ್ಯಾನನ್ನು ಇವತ್ತಿಗೂ ಸಿರೊಕ್ಕೊ ಫ್ಯಾನ್ ಅಂತಲೇ ಕರೆಯುತ್ತಾರೆ. ನಮ್ಮ ಹುಡುಗರು ಅದನ್ನು ಬ್ಲೋವರ್ ವೀಲ್ ಅನ್ನುತ್ತಾರೆ, ಸರ್ವಿಸ್‌ಗೆ ಹೋದಾಗ ಹೆಚ್ಚು ಬೈಸಿಕೊಳ್ಳುವ ಭಾಗ ಅದೇ. ರೆಕ್ಕೆ ಮುಂದಕ್ಕೆ ಬಾಗಿರುವುದರಿಂದ ಪ್ರತಿಯೊಂದರ ಬೊಗಸೆಯಲ್ಲೂ ಧೂಳು ಕೂರುತ್ತದೆ. ಮೊದಲು ತೆಳ್ಳಗೆ ಬೂದಿಯ ಹಾಗೆ, ಆಮೇಲೆ ತೇವ ಸೇರಿ ಕಂಬಳಿ ತುಂಡಿನ ಹಾಗೆ ಗಟ್ಟಿಯಾಗುತ್ತದೆ. ಬ್ರಷ್ ಹಾಕಿ ಒಂದೊಂದೇ ರೆಕ್ಕೆಯನ್ನು ಕೆರೆಯಬೇಕು, ಬೇರೆ ದಾರಿಯಿಲ್ಲ. ಒಂದೆರಡು ಬೊಗಸೆ ಬಿಟ್ಟರೆ ಚಕ್ರದ ಬ್ಯಾಲೆನ್ಸ್ ತಪ್ಪಿ ಬೇರಿಂಗ್ ಕೂಗಲು ಶುರು ಮಾಡುತ್ತದೆ. ಧೂಳು ತುಂಬಿದ ರೆಕ್ಕೆಗೆ ಆಕಾರವೇ ಇರುವುದಿಲ್ಲ, ಮೋಟರ್ ತಿರುಗುತ್ತಲೇ ಇರುತ್ತದೆ, ಗಾಳಿ ಮಾತ್ರ ಬರುವುದಿಲ್ಲ. ಇನ್ನೊಂದು ಗುಣ ಈ ಕೆಲಸದವರಿಗೆಲ್ಲ ಗೊತ್ತಿರುವುದು: ಗಾಳಿ ಒಯ್ಯುವ ತಗಡಿನ ಕೊಳವೆಯನ್ನು, ಅಂದರೆ ಡಕ್ಟನ್ನು, ಬಿಚ್ಚಿಟ್ಟು ಈ ಬ್ಲೋವರನ್ನು ಓಡಿಸಿದರೆ ಎದುರಿಗೆ ತಡೆ ಇಲ್ಲದೆ ಮಿತಿಮೀರಿ ಗಾಳಿ ಎಳೆದು ಮೋಟರಿಗೆ ಓವರ್‌ಲೋಡ್ ಆಗುತ್ತದೆ. ದೊಡ್ಡ ಕೆಲಸಗಳಿಗೆ, ಧೂಳಿನ ಜಾಗಗಳಿಗೆ ಈಗ ಹಿಂದಕ್ಕೆ ಬಾಗಿದ ರೆಕ್ಕೆಯ ಫ್ಯಾನ್ ಹಾಕುತ್ತಾರೆ, ಅದು ಕರೆಂಟನ್ನೂ ಕಡಿಮೆ ತಿನ್ನುತ್ತದೆ. ಆದರೂ ಸಣ್ಣ ಜಾಗದಲ್ಲಿ, ಕಡಿಮೆ ಸದ್ದಿನಲ್ಲಿ, ಅಗ್ಗವಾಗಿ ಗಾಳಿ ಬೇಕೆಂದರೆ ಡೇವಿಡ್‌ಸನ್ನನ ಡ್ರಮ್ಮೇ ಗತಿ.

ಚಹಾಕ್ಕೆ ಅಂತ ಹುಟ್ಟಿದ ಫ್ಯಾನ್ ಚಹಾದಲ್ಲೇ ನಿಲ್ಲಲಿಲ್ಲ. ಕಲ್ಲಿದ್ದಲು ಗಣಿಗಳ ಒಳಗೆ ಗಾಳಿ ತಳ್ಳಲು ಬೇಕಾಯಿತು. ಹಡಗುಗಳ ಬಾಯ್ಲರ್ ಕೋಣೆಗೆ ಬೇಕಾಯಿತು, ಯುದ್ಧನೌಕೆಗಳಿಗೂ ಬೇಕಾಯಿತು. ಬೆಲ್‌ಫಾಸ್ಟ್ ಆಗ ಹಡಗಿನ ಊರು. ಟೈಟಾನಿಕ್ ಕಟ್ಟಿದ ಹಾರ್ಲ್ಯಾಂಡ್ ಅಂಡ್ ವುಲ್ಫ್ ಯಾರ್ಡು ಇದ್ದದ್ದೂ ನದಿಯ ಅದೇ ದಿಕ್ಕಿನಲ್ಲಿ. ಮುಚ್ಚಿದ ಉಕ್ಕಿನ ಗೋಡೆಗಳ ನಡುವೆ ನೂರಾರು ಜನರಿಗೆ ಉಸಿರಾಡಲು ಗಾಳಿ ತಲುಪಿಸುವುದು ಹೇಗೆ ಅನ್ನುವುದನ್ನು ಆ ಊರಿನ ಎಂಜಿನಿಯರುಗಳು ದಿನಾ ಯೋಚಿಸುತ್ತಿದ್ದರು.

ರಾಯಲ್ ವಿಕ್ಟೋರಿಯಾದ ಸುರಂಗ

ಇಪ್ಪತ್ತನೆಯ ಶತಮಾನದ ಹೊಸ್ತಿಲಿನಲ್ಲಿ ಬೆಲ್‌ಫಾಸ್ಟಿಗೆ ಹೊಸ ಆಸ್ಪತ್ರೆ ಬೇಕಾಗಿತ್ತು. ಲಿನನ್ ಗಿರಣಿ, ಹಡಗು ಕಾರ್ಖಾನೆ, ಸಾವಿರಾರು ಮನೆಒಲೆ ಎಲ್ಲ ಸೇರಿ ಊರಿನ ಆಕಾಶವೇ ಮಸಿಯಾಗಿತ್ತು. ಹಾರ್ಲ್ಯಾಂಡ್ ಅಂಡ್ ವುಲ್ಫ್‌ನ ಮುಖ್ಯಸ್ಥ ಪಿರ್ರಿಯ ಹೆಂಡತಿ ಮಾರ್ಗರೆಟ್ ಪಿರ್ರಿ ಮುಂದೆ ನಿಂತು ಚಂದಾ ಎತ್ತಿದರು. ಬರ್ಮಿಂಗ್‌ಹ್ಯಾಮಿನ ವಾಸ್ತುಶಿಲ್ಪಿಗಳಾದ ಹೆನ್ಮನ್ ಮತ್ತು ಕೂಪರ್ ನಕ್ಷೆ ಮಾಡಿದರು, ಹೆನ್ರಿ ಲೀ ಎಂಜಿನಿಯರ್. ಹೆನ್ಮನ್ ಅದಕ್ಕೂ ಮೊದಲೇ ಬರ್ಮಿಂಗ್‌ಹ್ಯಾಮಿನ ಜನರಲ್ ಆಸ್ಪತ್ರೆಯಲ್ಲಿ ಫ್ಯಾನಿನಿಂದ ಗಾಳಿ ಒಳಗೆ ತಳ್ಳುವ ವ್ಯವಸ್ಥೆ ಮಾಡಿದ್ದ. 1903ರ ಜುಲೈನಲ್ಲಿ ದೊರೆ ಏಳನೇ ಎಡ್ವರ್ಡ್ ಬಂದು ಬೆಲ್‌ಫಾಸ್ಟ್‌ನ ರಾಯಲ್ ವಿಕ್ಟೋರಿಯಾ ಆಸ್ಪತ್ರೆಯನ್ನು ತೆರೆದ.

ಆ ಕಾಲದ ಆಸ್ಪತ್ರೆ ಎಂದರೆ ಫ್ಲಾರೆನ್ಸ್ ನೈಟಿಂಗೇಲ್ ಹೇಳಿಕೊಟ್ಟ ಮಾದರಿ. ಉದ್ದನೆಯ ವಾರ್ಡು, ಎರಡೂ ಕಡೆ ಎದುರುಬದುರು ಎತ್ತರದ ಕಿಟಕಿ, ಒಂದು ವಾರ್ಡಿಗೂ ಇನ್ನೊಂದಕ್ಕೂ ನಡುವೆ ಗಾಳಿಯಾಡಲು ಅಂಗಳ. ಬೆಂಗಳೂರಿನಲ್ಲಿ 1900ರಲ್ಲಿ ಶುರುವಾದ ವಿಕ್ಟೋರಿಯಾ ಆಸ್ಪತ್ರೆಯ ಹಳೆಯ ಕಟ್ಟಡ ನೋಡಿದವರಿಗೆ ಎತ್ತರದ ಚಾವಣಿ, ದೊಡ್ಡ ಕಿಟಕಿಗಳ ಲಾಭ ಏನು ಅಂತ ಹೇಳಬೇಕಾಗಿಲ್ಲ. ಬೆಲ್‌ಫಾಸ್ಟ್‌ನವರು ಈ ನಿಯಮವನ್ನೇ ಬಿಟ್ಟರು. ವಾರ್ಡುಗಳನ್ನು ಒಂದಕ್ಕೊಂದು ಅಂಟಿಸಿ, ನಡುವೆ ಅಂಗಳವೇ ಇಲ್ಲದಂತೆ ಸಾಲಾಗಿ ಕಟ್ಟಿದರು. ಬೆಳಕಿಗೆ ಚಾವಣಿಯಲ್ಲಿ ಗಾಜು. ನರ್ಸುಗಳು ನಡೆಯುವ ದೂರ ಕಡಿಮೆಯಾಯಿತು, ಕಟ್ಟಡ ಗಿಡ್ಡವಾಯಿತು. ಗಾಳಿಯ ಪೂರ್ತಿ ಹೊಣೆಯನ್ನು ಮಾತ್ರ ಯಂತ್ರಕ್ಕೆ ಕೊಟ್ಟರು.

ಆ ಯಂತ್ರ ಹೀಗಿತ್ತು. ಕಟ್ಟಡದ ಒಂದು ತುದಿಯಲ್ಲಿ ಉಗಿ ಎಂಜಿನ್ ತಿರುಗಿಸುವ ಎರಡು ದೊಡ್ಡ ಸಿರೊಕ್ಕೊ ಫ್ಯಾನ್. ಹೊರಗಿನ ಗಾಳಿ ಮೊದಲು ತೆಂಗಿನ ನಾರಿನ ಹಗ್ಗಗಳ ಪರದೆಯ ಮೂಲಕ ಹಾಯಬೇಕು, ಆ ಹಗ್ಗಗಳ ಮೇಲೆ ಸದಾ ನೀರು ಇಳಿಯುತ್ತಿರುತ್ತದೆ. ಮಸಿ, ಧೂಳು ಅಲ್ಲೇ ಹಿಡಿದುಕೊಳ್ಳುತ್ತದೆ, ಗಾಳಿ ತೇವವಾಗುತ್ತದೆ. ಚಳಿಗಾಲದಲ್ಲಿ ಉಗಿಯ ಕಾಯಿಲುಗಳು, ಅಂದರೆ ಉಗಿ ಓಡುವ ಸುರುಳಿ ಪೈಪುಗಳು, ಅದನ್ನು ಬಿಸಿ ಮಾಡುತ್ತವೆ. ಆಮೇಲೆ ಅದು ಮುಖ್ಯ ಕಾರಿಡಾರಿನ ಕೆಳಗೆ ಓಡುವ ಇಟ್ಟಿಗೆಯ ಸುರಂಗಕ್ಕೆ ನುಗ್ಗುತ್ತದೆ. ಸುರಂಗದ ಉದ್ದ ಸುಮಾರು 500 ಅಡಿ, ಅಗಲ 9 ಅಡಿ, ಫ್ಯಾನಿನ ಬದಿಯಲ್ಲಿ ಆಳ ಸುಮಾರು 20 ಅಡಿ. ಮುಂದೆ ಹೋದಂತೆ ಆಳ ಕಡಿಮೆಯಾಗುತ್ತದೆ, ಯಾಕೆಂದರೆ ಪ್ರತಿ ವಾರ್ಡಿನ ಬಳಿ ಸ್ವಲ್ಪ ಗಾಳಿ ಕವಲೊಡೆದು ಹೋಗಿರುತ್ತದೆ, ಉಳಿದದ್ದಕ್ಕೆ ಅಷ್ಟು ಜಾಗ ಬೇಡ. ಇವತ್ತು ನಾವು ತಗಡಿನ ಡಕ್ಟ್ ಮಾಡುವಾಗ ಮಾಡುವ ಲೆಕ್ಕವೇ ಇದು, ಅವರು ಇಟ್ಟಿಗೆಯಲ್ಲಿ ಮಾಡಿದ್ದರು. ವಾರ್ಡಿಗೆ ಬಂದ ಗಾಳಿ ತನ್ನ ಕೆಲಸ ಮುಗಿಸಿ ಬೇರೆ ಕಿಂಡಿಗಳಿಂದ ಹೊರಗೆ ಹೋಗುತ್ತದೆ. ವಾರ್ಡಿಗೆ ಬರುವುದೆಲ್ಲ ಹೊರಗಿನಿಂದ ಎಳೆದ ಹೊಸ ಗಾಳಿ.

ಈ ತೆಂಗಿನ ನಾರಿನ ಪರದೆಯ ಬಗ್ಗೆ ಮೊದಲ ಸಲ ಓದಿದಾಗ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿ ಕೂತೆ. ನಾನು ರಾಯಚೂರಿನ ಕಡೆಯವನು. ಬೇಸಿಗೆ ಬಂತೆಂದರೆ ನಮ್ಮಲ್ಲಿ ಕೂಲರಿನ ಹುಲ್ಲಿನ ಪ್ಯಾಡ್ ಬದಲಿಸುವುದು ಹಬ್ಬದ ತಯಾರಿಯಷ್ಟೇ ಮುಖ್ಯ. ಅದಕ್ಕೂ ಹಿಂದೆ ಅನುಕೂಲಸ್ಥರ ಮನೆಗಳಲ್ಲಿ ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದರು. ಒದ್ದೆ ನಾರಿನ ಮೂಲಕ ಗಾಳಿ ಹಾಯಿಸುವ ವಿದ್ಯೆ ಈ ದೇಶದಲ್ಲಿ ಎಷ್ಟೋ ಕಾಲದಿಂದ ಇದೆ. ಡೇವಿಡ್‌ಸನ್ ಕಾಚಾರಿನಲ್ಲಿ ಇದನ್ನು ನೋಡಿದ್ದನೋ, ಹೆನ್ಮನ್ ಬೇರೆಲ್ಲಿಂದಲೋ ತಿಳಿದಿದ್ದನೋ, ಆ ಎಳೆ ಹಿಡಿದು ನಾನು ಏನನ್ನೂ ಕಟ್ಟಲು ಹೋಗುವುದಿಲ್ಲ. ಆದರೆ ಕೆಲಸ ಮಾಡುವ ತತ್ವ ಎರಡೂ ಕಡೆ ಅದೇ.

ಇದು ಜಗತ್ತಿನ ಮೊದಲ ಏರ್ ಕಂಡೀಶನ್ ಕಟ್ಟಡವೋ? ವಾಸ್ತುಶಿಲ್ಪದ ಇತಿಹಾಸಕಾರ ರೇನರ್ ಬ್ಯಾನಮ್ 1969ರಲ್ಲಿ ಈ ಆಸ್ಪತ್ರೆಯ ಬಗ್ಗೆ ಬರೆದ ಮೇಲೆ ಆ ಮಾತು ಬಹಳ ಓಡಾಡಿತು. ಮನುಷ್ಯರ ಹಿತಕ್ಕಾಗಿ ಗಾಳಿಯ ಬಿಸಿ, ತೇವ, ಶುದ್ಧಿ ಮೂರನ್ನೂ ಹಿಡಿತದಲ್ಲಿ ಇಟ್ಟ ಮೊದಲ ದೊಡ್ಡ ಕಟ್ಟಡಗಳ ಸಾಲಿನಲ್ಲಿ ಇದಕ್ಕೆ ಜಾಗ ಇದೆ. ಅಮೆರಿಕದಲ್ಲಿ ವಿಲಿಸ್ ಕ್ಯಾರಿಯರ್ 1902ರಲ್ಲಿ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕೆ ತಣ್ಣನೆಯ ಕಾಯಿಲ್ ಹಾಕಿ ತೇವ ಇಳಿಸುವ ವ್ಯವಸ್ಥೆ ಮಾಡಿದ್ದ. ಅಲ್ಲಿ ಹಿತ ಬೇಕಾಗಿದ್ದದ್ದು ಕಾಗದಕ್ಕೆ, ತೇವಕ್ಕೆ ಅದು ಹಿಗ್ಗಿ ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಬೆಲ್‌ಫಾಸ್ಟ್‌ನಲ್ಲಿ ಯಂತ್ರದಿಂದ ತಂಪು ಮಾಡುವುದು ಇರಲೇ ಇಲ್ಲ, ಆ ಊರಿನ ಹವೆಗೆ ಅದು ಬೇಕಾಗಿಯೂ ಇರಲಿಲ್ಲ. ಯಾರು ಮೊದಲು ಎನ್ನುವ ಜಗಳ ನನಗೆ ಅಷ್ಟು ಮುಖ್ಯವಲ್ಲ. ಕ್ಯಾರಿಯರ್ ಬೆಳೆಸಿದ ಈ ವಿದ್ಯೆಗೂ ನಾಲ್ಕು ಕಾಲು: ತಾಪ, ತೇವ, ಶುದ್ಧಿ, ಗಾಳಿಯ ಓಟ. ನಾವು ಅದರಲ್ಲಿ ಮೊದಲನೆಯದನ್ನು ಹಿಡಿದುಕೊಂಡು ಉಳಿದ ಮೂರನ್ನು ಬಿಟ್ಟಿದ್ದೇವೆ. ಗೋಡೆಗೆ ನೇತುಹಾಕುವ ಸ್ಪ್ಲಿಟ್ ಎಸಿ ಹೊರಗಿನಿಂದ ಒಂದು ಗುಟುಕು ಗಾಳಿಯನ್ನೂ ತರುವುದಿಲ್ಲ ಎನ್ನುವುದು ಎಷ್ಟು ಜನರಿಗೆ ಗೊತ್ತು? ಹೊರಗಿನ ಯೂನಿಟ್ಟಿಗೂ ಒಳಗಿನದ್ದಕ್ಕೂ ನಡುವೆ ಓಡುವುದು ಗ್ಯಾಸು ಮಾತ್ರ. ಇದನ್ನು ಹೇಳಿದಾಗ ಓದಿದವರೂ ಬೆರಗಾಗಿ ನೋಡುತ್ತಾರೆ.

ನಮ್ಮಲ್ಲಿ ಆಪರೇಷನ್ ಥಿಯೇಟರುಗಳ ಮಟ್ಟಿಗೆ ಪರವಾಗಿಲ್ಲ. ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಚ್‌ನ ನಿಯಮದಲ್ಲಿ ಗಂಟೆಗೆ ಕನಿಷ್ಠ 20 ಸಲ ಗಾಳಿ ಬದಲಾಗಬೇಕು, ಅದರಲ್ಲಿ ಕನಿಷ್ಠ 4 ಹೊರಗಿನ ಹೊಸ ಗಾಳಿಯಾಗಿರಬೇಕು ಎಂದಿದೆ, ತಪಾಸಣೆಗೆ ಬರುವವರು ಅದನ್ನು ಕೇಳುತ್ತಾರೆ. ವಾರ್ಡುಗಳಿಗೆ ಬಂದಾಗ ಆ ಕಟ್ಟುನಿಟ್ಟು ಕಾಣುವುದಿಲ್ಲ. 2020ರಲ್ಲಿ ಕೊರೊನಾ ಬಂದಾಗ ನಮ್ಮ ಎಸಿ ಎಂಜಿನಿಯರುಗಳ ಸಂಘ ಇಶ್ರೇ ಹೊರಗಿನ ಗಾಳಿ ಒಳಗೆ ಬಿಡಿ ಅಂತ ಮಾರ್ಗಸೂಚಿ ಹೊರಡಿಸಿತು. ಆಗ ಎಲ್ಲರೂ ಕಿಟಕಿ ತೆಗೆದರು, ಡ್ಯಾಂಪರ್ ತೆಗೆದರು, ಎಕ್ಸಾಸ್ಟ್ ಹಾಕಿಸಿದರು. ಭಯ ಹೋಯಿತು, ಮತ್ತೆ ಮುಚ್ಚಿದರು. ನನಗೆ ಕೋಪ ಬರುವುದು ಇಲ್ಲಿ. ವಾರ್ಡಿನಲ್ಲಿ ಮಲಗಿದವರು ಎದ್ದು ಹೋಗಿ ಹೊರಗಿನ ಗಾಳಿ ತೆಗೆದುಕೊಂಡು ಬರುವ ಸ್ಥಿತಿಯಲ್ಲಿ ಇರುವುದಿಲ್ಲ ಅಲ್ವಾ.

ಬೆಲ್‌ಫಾಸ್ಟ್ ಮಾದರಿಯಲ್ಲೂ ಅಪಾಯ ಇದೆ, ಅದನ್ನೂ ಹೇಳಬೇಕು. ಅಂಗಳ ಬಿಟ್ಟು, ಕಿಟಕಿಯ ಮೇಲಿನ ಭರವಸೆ ಬಿಟ್ಟು ಎಲ್ಲವನ್ನೂ ಫ್ಯಾನಿಗೆ ಒಪ್ಪಿಸಿದರೆ ಆ ಫ್ಯಾನನ್ನು ಹಗಲು ರಾತ್ರಿ ಕಾಯಲು ಜನ ಬೇಕು. ಅಲ್ಲಿ ಉಗಿ ಎಂಜಿನ್ನಿನ ಪಕ್ಕ ಆಳುಗಳಿದ್ದರು. ನಮ್ಮಲ್ಲಿ ಎಎಚ್‌ಯು ಕೋಣೆಗೆ ಬೀಗ ಹಾಕಿ ಕೀಲಿ ಸೆಕ್ಯುರಿಟಿಯವರ ಹತ್ತಿರ ಇಟ್ಟಿರುತ್ತಾರೆ. ಯಂತ್ರವನ್ನು ಯಾರೂ ನೋಡಿಕೊಳ್ಳದ ಜಾಗದಲ್ಲಿ ನೈಟಿಂಗೇಲಳ ಕಿಟಕಿಯೇ ವಾಸಿ.

1921, ಮತ್ತು ಆಮೇಲೆ

ಡೇವಿಡ್‌ಸನ್ನನ ಮಗ ಜೇಮ್ಸ್ ಕಾರ್ಖಾನೆಯಲ್ಲೇ ಕೆಲಸ ಮಾಡುತ್ತಿದ್ದ, ಮುಂದೆ ಅದನ್ನು ನಡೆಸಬೇಕಾದವನು. 1916ರ ಜುಲೈ 1ರಂದು, ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನಲ್ಲಿ ನಡೆದ ಸೊಮ್ ಯುದ್ಧದ ಮೊದಲ ದಿನವೇ, ಅಲ್‌ಸ್ಟರ್ ಡಿವಿಷನ್ನಿನಲ್ಲಿ ಮಷಿನ್ ಗನ್ ಕಂಪನಿಯ ಕ್ಯಾಪ್ಟನ್ ಆಗಿದ್ದ ಅವನು ಸತ್ತ. ತಂದೆಗೆ 1921ರಲ್ಲಿ ಸರ್ ಪದವಿ ಬಂತು, ಅದೇ ವರ್ಷ ತೀರಿಕೊಂಡ.

ಅದರ ಹಿಂದಿನ ವರ್ಷ, 1920ರ ಬೇಸಿಗೆಯಲ್ಲಿ, ಬೆಲ್‌ಫಾಸ್ಟ್‌ನ ಹಡಗು ಯಾರ್ಡುಗಳಿಂದ ಕ್ಯಾಥಲಿಕ್ ಕೆಲಸಗಾರರನ್ನು ಹೊಡೆದು ಓಡಿಸಿದರು. ಅದು ಬೇರೆ ಕಾರ್ಖಾನೆಗಳಿಗೂ ಹರಡಿತು, ಸಿರೊಕ್ಕೊಗೂ ಬಂತು. ಕಾರ್ಖಾನೆ ಇದ್ದದ್ದು ಶಾರ್ಟ್ ಸ್ಟ್ರ್ಯಾಂಡ್ ಎಂಬ ಕ್ಯಾಥಲಿಕ್ ಬಡಾವಣೆಯ ಪಕ್ಕದಲ್ಲೇ. ಆದರೆ ಆಮೇಲೂ ದಶಕಗಳ ಕಾಲ ಒಳಗೆ ಕೆಲಸ ಸಿಕ್ಕಿದ್ದು ಹೆಚ್ಚಾಗಿ ಪ್ರೊಟೆಸ್ಟೆಂಟರಿಗೆ. ಇನ್ನು ಈ ಕಡೆ, 1921ರ ಮೇ ತಿಂಗಳಲ್ಲಿ, ಕಾಚಾರಿನ ನೆರೆಯ ಚರ್ಗೋಲಾ ಕಣಿವೆಯ ತೋಟಗಳಿಂದ ಸಾವಿರಾರು ಕೂಲಿಗಳು ಇನ್ನು ಸಾಕು ಅಂತ ಕೆಲಸ ಬಿಟ್ಟು ಊರಿಗೆ ಹೊರಟರು. ಈಗ ಬಾಂಗ್ಲಾದೇಶದಲ್ಲಿರುವ ಚಾಂದ್‌ಪುರದ ರೈಲು ನಿಲ್ದಾಣದಲ್ಲಿ ಮಲಗಿದ್ದವರ ಮೇಲೆ ರಾತ್ರಿ ಗೂರ್ಖಾ ಸೈನಿಕರನ್ನು ಬಿಟ್ಟರು. ಕಂಪನಿಗಳ ಚರಿತ್ರೆ ಬರೆಯುವವರು ಪೇಟೆಂಟ್ ಇಸವಿಗಳನ್ನು ಬರೆದು ಇವುಗಳನ್ನು ಬಿಡುತ್ತಾರೆ. ಒಂದೇ ಚಹಾ ವ್ಯಾಪಾರದ ಎರಡು ತುದಿಗಳ ಕಥೆ ಇದು, ನನಗೆ ಬೇರೆ ಬೇರೆ ಮಾಡಿ ನೋಡಲು ಆಗುವುದಿಲ್ಲ.

ಆಮೇಲಿನದ್ದು ಬೇಗ ಹೇಳಬಹುದು. ಚಹಾ ಯಂತ್ರ, ಗಣಿ ಫ್ಯಾನ್, ವಿದ್ಯುತ್ ಸ್ಥಾವರಗಳ ಫ್ಯಾನ್ ಅಂತ ಕಂಪನಿ ಬಹಳ ಕಾಲ ನಡೆಯಿತು. 1988ರಲ್ಲಿ ಸ್ಕಾಟ್ಲೆಂಡಿನ ಹೌಡನ್ ಅದನ್ನು ಕೊಂಡಿತು. 1999ರಲ್ಲಿ ನದಿ ದಂಡೆಯ ಕಾರ್ಖಾನೆ ಮುಚ್ಚಿತು, ಕಟ್ಟಡಗಳನ್ನು ಕೆಡವಿದರು, ಜಾಗ ವರ್ಷಗಟ್ಟಲೆ ಬಯಲಾಗಿ ಬಿದ್ದಿತ್ತು.

ಈಗ ನನ್ನ ಕೈಯಲ್ಲಿ ಒಂದು ಸಣ್ಣ ಕೆಲಸ ಇದೆ. ನಮ್ಮ ಕಡೆಯ ತಾಲ್ಲೂಕಿನ ಡಾಕ್ಟರೊಬ್ಬರು ತಮ್ಮ ನರ್ಸಿಂಗ್ ಹೋಮಿನ ಒಂದು ವಾರ್ಡಿಗೆ ಸ್ಪ್ಲಿಟ್ ಎಸಿ ಕೇಳಿದ್ದರು. ನಾನು ಅವರಿಗೆ ಬೇರೆ ಚಿತ್ರ ಬರೆದು ತೋರಿಸಿದೆ. ಹೊರಗೋಡೆಯಲ್ಲಿ ಒಂದು ಒದ್ದೆ ಪ್ಯಾಡು, ಅದರ ಹಿಂದೆ ಫಿಲ್ಟರ್, ಆಮೇಲೆ ಮುಂದಕ್ಕೆ ಬಾಗಿದ ರೆಕ್ಕೆಯ ಒಂದು ಬ್ಲೋವರ್, ವಾರ್ಡಿನ ಉದ್ದಕ್ಕೂ ಸಣ್ಣದಾಗುತ್ತಾ ಹೋಗುವ ಡಕ್ಟ್, ಎದುರು ಗೋಡೆಯಲ್ಲಿ ಗಾಳಿ ಹೊರಗೆ ಹೋಗಲು ಕಿಂಡಿ. ನಮ್ಮ ಒಣ ಬೇಸಿಗೆಗೆ ಇದು ಸಾಕು, ಮಳೆಗಾಲದಲ್ಲಿ ನೀರು ನಿಲ್ಲಿಸಿ ಬರೀ ಗಾಳಿ ಓಡಿಸಬಹುದು. ಅವರು ಬಹಳ ಹೊತ್ತು ಚಿತ್ರ ನೋಡಿ, "ಫಿಲ್ಟರ್ ಯಾರು ತೊಳೀತಾರೆ?" ಅಂತ ಕೇಳಿದರು. ಒಳ್ಳೆಯ ಪ್ರಶ್ನೆ, ಮೊದಲು ಕೇಳಬೇಕಾದದ್ದೂ ಅದೇ. ವಾರಕ್ಕೊಮ್ಮೆ ತೊಳೆಯಲು ಅಲ್ಲಿನ ವಾರ್ಡ್ ಬಾಯ್ ಒಬ್ಬನಿಗೆ ಕಲಿಸಿಕೊಡುವುದು ಅಂತಾಯಿತು. ದುಡ್ಡಿಗೆ ಒಪ್ಪಿದ್ದಾರೆ. ಗಾಳಿ ಎಳೆಯುವ ಬಾಯಿಯನ್ನು ಉತ್ತರದ ಗೋಡೆಗೆ ಇಡೋಣ ಅಂದುಕೊಂಡಿದ್ದೆವು, ಆದರೆ ಆ ಕಡೆ ಜನರೇಟರ್ ಇದೆ, ಅದರ ಹೊಗೆ ಸೀದಾ ಒಳಗೆ ಬರುತ್ತದೆ. ಜನರೇಟರನ್ನು ಸರಿಸುವುದೋ, ಬಾಯಿಯನ್ನು ಚಾವಣಿಯ ಮೇಲಕ್ಕೆ ಒಯ್ಯುವುದೋ ಇನ್ನೂ ತೀರ್ಮಾನವಾಗಿಲ್ಲ. ಮುಂದಿನ ವಾರ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ ಅಳತೆ ತೆಗೆಯಬೇಕು.